ನನ್ನ ಹೆಸರಿನಲ್ಲಿ ಬಂದ ಷೇರು

ಯಾರ ಮುಂದೆ ಆ ಷೇರಿನ ಮಾತು ಬಂದರೂ ನನ್ನ ತಮ್ಮ ಇವತ್ತಿಗೂ ನನ್ನ ಪರವಾಗಿಯೇ ನಿಲ್ಲುತ್ತಾನೆ. "ನಮ್ಮಕ್ಕ ಓದಿದ್ದು ಮೂರನೇ ಕ್ಲಾಸ್ ರೀ. ಆಕೀಗಿ ಸಹಿ ಒಂದೇ ನಮೂನಿ ಬರೂದಿಲ್ಲ. ಆಕೀದೇನ್ ತಪ್ಪದ ಅದ್ರಾಗ?" ಎನ್ನುತ್ತಾನೆ. ನಾನು ಮೂರನೆಯ ತರಗತಿವರೆಗೆ ಓದಿದ್ದು ನಿಜ. ಉಳಿದದ್ದು ನಿಜವಲ್ಲ. ನಿಜವಲ್ಲವೆಂದು ಬಲ್ಲವಳು ನಾನೊಬ್ಬಳೇ. ಅದನ್ನು ಬರೆದಿಡಬೇಕೆಂದು ಕೂತಿದ್ದೇನೆ.

ನಮ್ಮದು ಕುರಿ ಸಾಕುವ ಮನೆತನ, ಮಾನ್ವಿ ತಾಲೂಕಿನ ಕುರ್ಡಿ. ಎಪ್ಪತ್ತರ ದಶಕದ ನಡುವಿನಲ್ಲಿ ನನ್ನನ್ನು ರಾಯಚೂರಿಗೆ ಕೊಟ್ಟರು. ನನ್ನ ಗಂಡ ಹತ್ತಿ ಗಿರಣಿಯಲ್ಲಿ ಅರಳೆಯನ್ನು ಒತ್ತಿ ಅಂಡಿಗೆ ಕಟ್ಟುತ್ತಿದ್ದರು. ಮದುವೆಯ ದಿನ ಅಪ್ಪ ಒಂದು ಹೆಣ್ಣು ಮರಿಯನ್ನು ಎತ್ತಿಕೊಂಡು ಬಂದು ನನ್ನ ಉಡಿಯಲ್ಲಿ ಹಾಕಿದ. ನಮ್ಮ ಮನೆಗಳಲ್ಲಿ ಅಂಥದೊಂದು ಪದ್ಧತಿ. ಆ ಕುರಿ ಗಂಡನ ಮನೆಗೆ ಬರುವುದಿಲ್ಲ, ತವರಿನ ಹಿಂಡಿನಲ್ಲೇ ಮೇಯುತ್ತದೆ. ಆದರೆ ಅದರ ಎಡಗಿವಿ ಸೀಳಿ ಗುರುತು ಮಾಡುತ್ತಾರೆ. ಅದು ಈದ ಮರಿ, ಆ ಮರಿ ಈದ ಮರಿ, ಎಲ್ಲ ಮಗಳ ಪಾಲು. ಮಗಳು ಹೂಂ ಅನ್ನದೆ ಅಣ್ಣತಮ್ಮಂದಿರು ಅದರ ಒಂದು ಕೂದಲನ್ನೂ ಮಾರುವಂತಿಲ್ಲ. ಬೇಡ ಎಂದರೆ ಬೇಡವೇ. ಯಾಕೆಂದು ಕೇಳುವ ಹಾಗೂ ಇಲ್ಲ. ಇದಲ್ಲದೆ ಇನ್ನೊಂದು ಕಟ್ಟಳೆಯಿತ್ತು, ಅದು ಹಿಂಡಿಗೆಲ್ಲ ಅನ್ವಯಿಸುವುದು. ಗಬ್ಬದ ಕುರಿಯನ್ನು ಎಂಥ ಕಷ್ಟ ಬಂದರೂ ಮಾರಬಾರದು. ಹೊಟ್ಟೆಯಲ್ಲಿರುವುದರ ಬೆಲೆಯನ್ನು ಯಾರೂ ಕೊಡುವುದಿಲ್ಲ ಎನ್ನುತ್ತಿದ್ದ ಅಪ್ಪ.

ಅಪ್ಪ ತೀರಿಕೊಂಡ ಮೇಲೆ ಹಿಂಡು ತಮ್ಮನ ಕೈಗೆ ಬಂತು. ನನಗಿಂತ ಎಂಟು ವರ್ಷ ಚಿಕ್ಕವನು. ಅವ್ವ ಮೊದಲೇ ಹೋಗಿದ್ದಳಾದ್ದರಿಂದ ಅವನ ಬಾಯಿಗೆ ತುತ್ತಿಟ್ಟು ಬೆಳೆಸಿದವಳು ನಾನು. ಹತ್ತನೆಯ ತರಗತಿ ಪಾಸಾಗಿದ್ದ. ಶಕ್ತಿನಗರದಲ್ಲಿ ಕರೆಂಟಿನ ಕಾರ್ಖಾನೆ ಕಟ್ಟುತ್ತಿದ್ದ ಕಾಲ, ಗುತ್ತಿಗೆಯ ಮೇಲೆ ಅಲ್ಲಿ ಕೆಲಸ ಹಿಡಿದ. ಹಿಂಡನ್ನು ದೇವದುರ್ಗ ತಾಲೂಕಿನ ಗೂಗಲ್‌ನಲ್ಲಿದ್ದ ನಮ್ಮ ಸೋದರಮಾವನಿಗೆ ಪಾಲಿಗೆ ಬಿಟ್ಟ. ಕೃಷ್ಣಾ ದಂಡೆಯಲ್ಲಿ ಬೇಸಿಗೆಯಲ್ಲೂ ಅಷ್ಟಿಷ್ಟು ಹಸಿರು ಸಿಗುತ್ತಿತ್ತು. ಗುತ್ತಿಗೆ ಕೆಲಸ ಇವತ್ತು ಇದ್ದದ್ದು ನಾಳೆ ಇಲ್ಲ, ಹಿಂಡೊಂದು ಇದ್ದರೆ ಮನೆಗೆ ಗೋಡೆ ಇದ್ದ ಹಾಗೆ ಎಂದು ಅವನೇ ಹೇಳುತ್ತಿದ್ದ.

ಶಕ್ತಿನಗರದ ಚಿಮಣಿ ಹೊಗೆ ಬಿಡಲು ಸುರು ಮಾಡಿದ ಮೇಲೆ ನಮ್ಮ ಕಡೆ ಷೇರಿನ ಮಾತು ಬಂತು. ಮೊದಲು ಬಂದದ್ದು ಎಂಜಿನಿಯರುಗಳ ಕ್ವಾರ್ಟರ್ಸಿಗೆ. ಅವರ ಮನೆಗಳಿಂದ ಕ್ಯಾಂಟೀನಿಗೆ, ಕ್ಯಾಂಟೀನಿನಿಂದ ಗುತ್ತಿಗೆಯವರ ಶೆಡ್ಡಿಗೆ, ಅಲ್ಲಿಂದ ಬಸ್ಸು ಹತ್ತಿ ರಾಯಚೂರಿಗೆ. ಅಲ್ಲಿಯ ತೀನ್ ಕಂದೀಲ್ ಚೌಕದ ಹತ್ತಿರ ಒಂದು ಅಂಗಡಿಯಲ್ಲಿ ಕಂಪನಿಗಳ ಫಾರಂ ಕಟ್ಟುಗಟ್ಟಲೆ ಬರುತ್ತಿತ್ತು. ಹಿಂದಿನ ವರ್ಷದವರೆಗೂ ಅಲ್ಲಿ ಮದುವೆಯ ಕಾಗದ ಅಚ್ಚು ಹಾಕಿಸಿಕೊಡುತ್ತಿದ್ದ ಮನುಷ್ಯನೇ ಈಗ ಷೇರು ಕೊಂಡು ಮಾರಿಸುವ ದಲಾಲಿಯಾಗಿದ್ದ. ಬ್ಯಾಂಕಿನ ಮುಂದೆ ಸಾಲು. ಸೀಮೆಎಣ್ಣೆಯ ಸಾಲಿಗಿಂತ ಉದ್ದ. ಗಿರಣಿಯ ಮುನೀಮ, ಹಾಲಿನವನು, ಮೇಷ್ಟ್ರು, ಸೈಕಲ್ ಅಂಗಡಿಯ ಚಾಚಾ, ಎಲ್ಲರ ಜೇಬಿನಲ್ಲೂ ಫಾರಂ. ಕಂಪನಿ ಏನು ಮಾಡುತ್ತದೆ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಹತ್ತು ರೂಪಾಯಿಯದು ಮೂವತ್ತಾಗುತ್ತದೆ ಎನ್ನುವುದು ಮಾತ್ರ ಎಲ್ಲರಿಗೂ ಗೊತ್ತು.

ಒಂದು ಭಾನುವಾರ ತಮ್ಮ ಐದು ಫಾರಂ ಹಿಡಿದುಕೊಂಡು ನಮ್ಮ ಮನೆಗೆ ಬಂದ.

"ಯಕ್ಕಾ, ಒಂದು ಸಹಿ ಹಾಕು."

"ಯಾತಕ್ಕೋ? ನನ್ನ ಮನಿ ಬರಸ್ಕೊಳ್ಳಾಕತ್ತಿ ಏನು?"

"ನಿನ್ನ ಈ ತಗಡಿನ ಮನಿ ತಗೊಂಡು ಏನ್ ಮಾಡ್ಲಿ, ಮಳಿ ಬಂದ್ರ ಒಳಗ ಕೊಡಿ ಹಿಡೀಬೇಕು" ಎಂದು ನಕ್ಕ. "ಷೇರಿಗೆ ಅರ್ಜಿ. ಎಲ್ಲಾರಿಗೂ ಸಿಗೂದಿಲ್ಲ, ಚೀಟಿ ಎತ್ತಿ ಕೊಡ್ತಾರ. ಐದು ಹೆಸರಲೆ ಹಾಕಿದ್ರ ಒಂದಕ್ಕರ ಹತ್ತೂದಿಲ್ಲೇನು? ನಂದು, ಹೆಂಡ್ತೀದು, ಮಾವಂದು, ಭಾವಂದು, ನಿಂದು."

"ರೊಕ್ಕ ಎಲ್ಲಿಂದ ಬಂತು?"

"ನಾಕು ಟಗರು ಮಾರೀನಿ. ಟಗರು ಅಷ್ಟ. ನಿನ್ನ ಕಿವಿ ಸೀಳಿದ್ವು ಮುಟ್ಟಿಲ್ಲ ನೋಡು."

ನಾನು ಬರೆಯಲು ಕೂತಾಗ ಅವನು ತಡೆದ. ಪಾಟಿಯ ಮೇಲೆ ಬರೆದ ಹಾಗೆ ಅಕ್ಷರ ಬಿಡಿಬಿಡಿಯಾಗಿ ಇಟ್ಟರೆ ಅದು ಸಹಿ ಆಗುವುದಿಲ್ಲ, ಪೆನ್ನು ಎತ್ತದೆ ಒಂದೇ ಓಟದಲ್ಲಿ ಎಳೆಯಬೇಕು ಎಂದ. ಹಳೆಯ ಕ್ಯಾಲೆಂಡರಿನ ಹಿಂದೆ ಹತ್ತು ಸಲ ಬರೆಸಿದ. ಹನ್ನೊಂದನೆಯದನ್ನು ಫಾರಮ್ಮಿನ ಮೇಲೆ ಹಾಕಿದೆ. ಚೆನ್ನಾಗಿಯೇ ಬಂತು. "ತಹಸೀಲ್ದಾರ್ ಬಾಯಿ ಆದಿ ನೋಡು ಈಗ" ಎಂದ.

ಚೀಟಿ ಎತ್ತಿದಾಗ ಹತ್ತಿದ್ದು ಒಂದೇ ಹೆಸರು, ನನ್ನದು. ಟಪಾಲಿನವನು ರಿಜಿಸ್ಟರ್ ಕವರ್ ತಂದು ಕೊಟ್ಟ. ಒಳಗೆ ನೂರು ಷೇರಿನ ದಪ್ಪನೆಯ ಕಾಗದ, ಸುತ್ತಲೂ ಬಳ್ಳಿಯ ಅಂಚು, ನಡುವೆ ಇಂಗ್ಲಿಷಿನಲ್ಲಿ ಅಚ್ಚಾದ ನನ್ನ ಹೆಸರು. ನನಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಎದುರುಮನೆಯ ಮೇಷ್ಟ್ರ ಹೆಂಡತಿ ಬೆರಳಿಟ್ಟು ತೋರಿಸಿದಳು, ಇದು ನಿನ್ನ ಹೆಸರು, ಇದು ಗಂಡನ ಹೆಸರು, ನಿನ್ನದೇ ಮೊದಲು ಎಂದಳು. ರೇಷನ್ ಕಾರ್ಡಿನಲ್ಲಿ, ಮನೆಯ ಬಾಡಿಗೆ ಚೀಟಿಯಲ್ಲಿ ಎಲ್ಲೂ ನನ್ನ ಹೆಸರು ಮೊದಲು ಇದ್ದದ್ದಿಲ್ಲ. ಆ ಕಾಗದವನ್ನು ಟ್ರಂಕಿನಲ್ಲಿ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟೆ. ದಿನಕ್ಕೊಮ್ಮೆ ತೆಗೆದು ನೋಡುತ್ತಿದ್ದೆ.

ಬೆಲೆ ಏರಿತು. ಪೇಪರಿನಲ್ಲಿ ಬರುವ ಸಣ್ಣ ಅಂಕಿಗಳನ್ನು ನನ್ನ ಗಂಡ ಗಿರಣಿಯಲ್ಲಿ ಯಾರಿಂದಲೋ ಓದಿಸಿಕೊಂಡು ಬಂದು ಹೇಳುತ್ತಿದ್ದರು. ಇಪ್ಪತ್ತೆರಡು. ಇಪ್ಪತ್ತೊಂಬತ್ತು. ಮೂವತ್ತೇಳು. ಓಣಿಯ ಹೆಂಗಸರು ನೀರಿನ ನಳದ ಹತ್ತಿರ ನನಗೆ ಜಾಗ ಬಿಡತೊಡಗಿದರು. ಕಂಪನಿಯವರು ಬೋನಸ್ ಕೊಡುತ್ತಾರಂತೆ, ಒಂದಕ್ಕೆ ಒಂದು ಷೇರು ಪುಕ್ಕಟೆ ಬರುತ್ತದಂತೆ ಎಂಬ ಸುದ್ದಿ ತೀನ್ ಕಂದೀಲಿನಿಂದ ಬಂತು. ಅದನ್ನು ನನಗೆ ತಿಳಿಯುವ ಹಾಗೆ ಹೇಳಿದವನು ತಮ್ಮನೇ. "ಈದಂಗ ಯಕ್ಕಾ. ತಾಯೀನೂ ಉಳೀತದ, ಮರೀನೂ ಬರ್ತದ." ಅವನು ತಮಾಷೆಗೆ ಹೇಳಿದ. ನಾನು ಅದನ್ನು ಹಾಗೇ ನುಂಗಿಬಿಟ್ಟೆ.

ಆ ದಸರೆಯ ಹೊತ್ತಿಗೆ ನಾನೂ ತಮ್ಮನೂ ಮಾವನನ್ನು ನೋಡಲು ಗೂಗಲ್‌ಗೆ ಹೋಗಿದ್ದೆವು. ಮಾವ ನದಿಯ ದಂಡೆಯ ಹೊಲವೊಂದರಲ್ಲಿ ಗೊಬ್ಬರಕ್ಕೆಂದು ಹಿಂಡು ತರುಬಿದ್ದ. ತಮ್ಮ ಷೇರಿನ ಕಥೆಯನ್ನೆಲ್ಲ ಹೇಳಿದ. ಮಾವ ಕಂಬಳಿ ಹೊದ್ದು ಕೂತು ಕೇಳಿದ.

"ಎಲ್ಲಾರಿಗೂ ಲಾಭಾನ?" ಎಂದ.

"ಎಲ್ಲಾರಿಗೂ ಮಾವಾ. ಕಳಕೊಂಡವ ಒಬ್ಬನೂ ಇಲ್ಲ."

"ಅದು ಛಲೋ ಅಲ್ಲಲೇ" ಎಂದ ಮಾವ. "ಮೊದಲನೇ ಮಳಿ ಆದ ಮ್ಯಾಲ ಎಳೀ ಹುಲ್ಲು ಏಳ್ತದಲ್ಲ, ಕುರಿ ಬಾಯಿ ಎತ್ತೂದಿಲ್ಲ. ತಿಂದಿದ್ದ ತಿಂತಾವ. ಎಲ್ಲಾ ಕುರಿ ದುಂಡಗ ಕಾಣ್ತಾವ. ನೋಡಿದವ್ರು ಆಹಾ ಏನ್ ಹಿಂಡು ಅಂತಾರ. ಮರುದಿನ ಹೊಟ್ಟಿ ಉಬ್ಬಿ ಸಾಯಾಕ ಸುರು ಆಗ್ತಾವ. ಬರಗಾಲದಾಗ ಸಾಯೂಕಿಂತ ಹಸರಿನಾಗ ಸಾಯೂದ ಜಾಸ್ತಿ. ಕುರಿ ಕಾಯವ ಮುಂಜಾನಿ ಒಣ ಸೊಪ್ಪಿ ಹಾಕಿ ತಡೀಬೇಕು. ನಿಮ್ಮ ಷೇರಿನ ಹಿಂಡಿಗೆ ತಡಿಯವ್ರು ಯಾರು?"

"ಸರ್ಕಾರ ಅದಲ್ಲ ಮಾವಾ. ಬ್ಯಾಂಕ್ ಅದಾವ."

"ಅವ್ರೂ ಹುಲ್ಲು ತಿನ್ನಾಕತ್ತಿದ್ರ?" ಎಂದು ಮಾವ ಎದ್ದು ನಾಯಿಗೆ ಅಂಬಲಿ ಹಾಕಲು ಹೋದ. ತಮ್ಮ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ. ನನಗೆ ನಗು ಬರಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಮಾವನ ಮಾತು ತಲೆಯಲ್ಲಿತ್ತು. ಆದರೆ ಊರಿಗೆ ಬಂದು ಟ್ರಂಕು ತೆಗೆದ ಮೇಲೆ ಮರೆತೆ.

ನನ್ನ ಹೆಸರಿನ ಷೇರು ಏರಿದ್ದನ್ನು ಕಂಡು ತಮ್ಮನಿಗೆ ತಾಳ್ಮೆ ತಪ್ಪಿತು. ಅರ್ಜಿ ಹಾಕಿ ಚೀಟಿಗೆ ಕಾಯುವುದು ಬೇಡ, ಪೇಟೆಯಲ್ಲಿ ಮಾರುವ ಷೇರನ್ನೇ ಕೊಳ್ಳುತ್ತೇನೆ ಎಂದ. ಅದಕ್ಕೆ ದೇವದುರ್ಗದ ಕುರಿ ವ್ಯಾಪಾರಿಯೊಬ್ಬನ ಹತ್ತಿರ ಇಡೀ ಹಿಂಡಿನ ಮೇಲೆ ಮುಂಗಡ ತಂದ. ಮಾತು ಹೀಗಿತ್ತು: ಯುಗಾದಿಯೊಳಗೆ ಮುಂಗಡ ತಿರುಗಿಸಿದರೆ ಹಿಂಡು ನಮ್ಮದು, ಇಲ್ಲದಿದ್ದರೆ ಅವನದು. ಹಿಂಡು ಹೋದೀತೆಂದು ತಮ್ಮನಿಗೆ ಕನಸಿನಲ್ಲೂ ಇರಲಿಲ್ಲ. ಷೇರಿನ ಕಾಗದ ಒತ್ತೆಯಿಟ್ಟುಕೊಂಡು ಸಾಲ ಕೊಡುತ್ತೇವೆ ಎಂದು ಬ್ಯಾಂಕಿನಲ್ಲಿ ಬಾಯಿಮಾತು ಆಗಿತ್ತು. ಆ ಸಾಲದಲ್ಲಿ ಮುಂಗಡ ತಿರುಗಿಸುವುದು, ಷೇರು ಏರಿದ ಮೇಲೆ ಮಾರಿ ಸಾಲ ತೀರಿಸುವುದು. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು.

ಸಂಕ್ರಾಂತಿಯಾಗಿ ಕೆಲವು ದಿನಕ್ಕೆ ಅವನ ಜೊತೆ ನಾನೂ ಬ್ಯಾಂಕಿಗೆ ಹೋದೆ. ಸಾಲು ಇರಲಿಲ್ಲ. ಅದನ್ನು ನೋಡಿಯೇ ನನಗೆ ಏನೋ ಆಯಿತು. ಮ್ಯಾನೇಜರು ಮಂಗಳೂರಿನ ಕಡೆಯವರು, ಪುಸ್ತಕದ ಹಾಗೆ ಮಾತಾಡುತ್ತಿದ್ದರು. ತಮ್ಮನ ಕಾಗದಗಳನ್ನು ನೋಡದೆಯೇ ಹಿಂದೆ ತಳ್ಳಿದರು.

"ಷೇರಿನ ಮೇಲೆ ಸಾಲ ನಿಲ್ಲಿಸಿದ್ದಾರೆ. ಮೊನ್ನೆ ಪತ್ರ ಬಂತು" ಎಂದರು.

"ನೀವs ಕೊಡ್ತೀನಿ ಅಂದಿದ್ರಲ್ರೀ ಸರ."

"ನಾನು ಅಂದಿದ್ದೆ. ನನ್ನ ಮೇಲಿನವರು ಬೇಡವೆಂದರು. ಅವರ ಮೇಲಿನವರು ಅವರಿಗೆ ಹೇಳಿದರು."

ನಾನು ಬಾಯಿ ಹಾಕಿದೆ. "ಬ್ಯಾಂಕಿನ ಮ್ಯಾಲ ಮತ್ಯಾರು ಇರ್ತಾರ್ರಿ?"

ಅವರು ಮೇಜಿನ ಮೇಲಿದ್ದ ಒಂದು ನೋಟನ್ನು ನನ್ನ ಮುಂದೆ ಹಿಡಿದರು. "ಈ ಸಹಿ ನೋಡಿದಿರಾ ಅಮ್ಮಾ? ಈ ನೋಟು ಅಚ್ಚು ಹಾಕುವ ಬ್ಯಾಂಕು. ಬ್ಯಾಂಕುಗಳಿಗೆಲ್ಲ ಅದೇ ಬ್ಯಾಂಕು. ದುಡ್ಡು ಅಗ್ಗವಾಗಿ ಹರಿಯಲಿ ಅಂದರೆ ಹರಿಯುತ್ತದೆ, ಸಾಕು ಅಂದರೆ ನಿಲ್ಲುತ್ತದೆ. ಇಷ್ಟು ದಿನ ಸುಮ್ಮನಿದ್ದರು. ಈಗ ಜನ ಸಾಲ ತಂದು ಷೇರು ಕೊಳ್ಳುತ್ತಿದ್ದಾರೆ ಅಂತ ಹೆದರಿಕೆ ಹುಟ್ಟಿದೆ." ಆಮೇಲೆ ದನಿ ತಗ್ಗಿಸಿ, "ಸಾಲ ಸಿಗದವರೆಲ್ಲ ಮಾರಲು ನಿಲ್ಲುತ್ತಾರೆ. ಕೈಯಲ್ಲಿ ಏನಾದರೂ ಇದ್ದರೆ ಈ ವಾರವೇ ಮಾರಿಬಿಡಿ" ಎಂದರು.

ಅದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಮೂರನೆಯ ತರಗತಿಯವಳಿಗೂ ತಿಳಿಯುವ ಹಾಗಿತ್ತು. ನನಗೆ ತಿಳಿಯಿತು.

ತಮ್ಮ ಕೊಂಡಿದ್ದ ಷೇರುಗಳು ಆಗಲೇ ಇಳಿಯತೊಡಗಿದ್ದವು, ಕೊಂಡ ಬೆಲೆಯಾದರೂ ಬರಲೆಂದು ಅವನು ಕಾಯುತ್ತಿದ್ದ. ನನ್ನ ಹೆಸರಿನದು ಮಾತ್ರ ಬೋನಸ್ಸಿನ ಸುದ್ದಿಯಿಂದ ಇನ್ನೂ ಮೇಲೆ ನಿಂತಿತ್ತು. ಶಿವರಾತ್ರಿಗೆ ಹದಿನೈದು ದಿನವಿದ್ದಾಗ ತಮ್ಮ ತೀನ್ ಕಂದೀಲಿನ ದಲಾಲಿಯಿಂದ ವರ್ಗಾವಣೆಯ ಫಾರಂ ತಂದ. ಅವನ ಗಡ್ಡ ಬೆಳೆದಿತ್ತು. ಒಳಗೆ ಬಾ ಎಂದರೂ ಹೊಸ್ತಿಲಲ್ಲೇ ಕೂತ.

"ಯಕ್ಕಾ, ನಿಂದು ಮಾರಿ, ನಂದರಾಗ ಕೂಡ್ಸಿದ್ರ ಮುಂಗಡ ತೀರ್ತದ. ಹಿಂಡು ಉಳೀತದ. ನೀ ಹೂಂ ಅಂದ್ರ ಅಷ್ಟ. ಬ್ಯಾಡ ಅಂದ್ರ ಬ್ಯಾಡ. ನಿನ್ನ ಹೆಸರಿಗೆ ಬಂದಿದ್ದು ನಿಂದs. ಒತ್ತಾಯ ಇಲ್ಲ."

"ಬೋನಸ್ ಬರೂದದ ಅಂದಿದ್ದಿ?"

"ಅಂದಿದ್ದೆ. ಬಂದ್ರ ಬರಬಹುದು. ಯುಗಾದಿ ಅದಕ್ಕ ನಿಲ್ಲೂದಿಲ್ಲಲ್ಲ ಯಕ್ಕಾ."

ನಾನು ಬೇಡ ಎಂದಿದ್ದರೆ ಅವನು ಎದ್ದು ಹೋಗುತ್ತಿದ್ದ. ಒಂದು ಮಾತೂ ಆಡುತ್ತಿರಲಿಲ್ಲ. ಯುಗಾದಿಗೆ ಇನ್ನೂ ಆರು ವಾರವಿತ್ತು. ತನ್ನ ಷೇರುಗಳನ್ನು ಬಂದಷ್ಟಕ್ಕೆ ಅಂದೇ ಮಾರುತ್ತಿದ್ದ, ಶಕ್ತಿನಗರದ ಗುತ್ತಿಗೆದಾರನ ಕಾಲು ಹಿಡಿಯುತ್ತಿದ್ದ, ವ್ಯಾಪಾರಿಯ ಹತ್ತಿರ ಹೋಗಿ ಅರ್ಧ ಹಿಂಡನ್ನಾದರೂ ಬಿಡಿಸಿಕೊಳ್ಳುತ್ತಿದ್ದ. ದಾರಿಗಳು ಇದ್ದವು. ಆದರೆ ಎದುರಿಗೆ ಕೂತ ತಮ್ಮನಿಗೆ ಬೇಡ ಎನ್ನಲು ನನ್ನ ಬಾಯಿ ಏಳಲಿಲ್ಲ. ಕೆಟ್ಟ ಅಕ್ಕ ಅನ್ನಿಸಿಕೊಳ್ಳಲು ಮನಸ್ಸಿರಲಿಲ್ಲ. ಷೇರು ಬಿಡಲೂ ಮನಸ್ಸಿರಲಿಲ್ಲ. ಗಬ್ಬದ ಕುರಿ, ಗಬ್ಬದ ಕುರಿ ಎಂದು ತಲೆಯಲ್ಲಿ ಒಂದೇ ಕುಟ್ಟುತ್ತಿತ್ತು. ಹೊಟ್ಟೆಯಲ್ಲಿರುವುದರ ಬೆಲೆಯನ್ನು ಯಾರು ಕೊಡುತ್ತಾರೆ? ಇದು ಕುರಿಯಲ್ಲ, ಕಾಗದ, ಕಾಗದಕ್ಕೆ ಗಬ್ಬ ನಿಲ್ಲುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳಲಿಲ್ಲ.

ಎದುರುಮನೆಯ ಮೇಷ್ಟ್ರ ಹೆಂಡತಿಯ ಷೇರು ಹಿಂದಿನ ತಿಂಗಳು ಮಾರಲು ಹೋಗಿ ವಾಪಸು ಬಂದಿತ್ತು. ಅರ್ಜಿಯ ಸಹಿಗೂ ಈ ಸಹಿಗೂ ಹೊಂದುವುದಿಲ್ಲ ಎಂದು ಕಂಪನಿಯವರು ಬರೆದಿದ್ದರು, ದಲಾಲಿ ಹಣ ಕೊಡಲಿಲ್ಲ. ಅವಳು ಅದನ್ನು ನನ್ನ ಮುಂದೆ ಹೇಳಿಕೊಂಡು ಅತ್ತಿದ್ದಳು.

ನಾನು ಫಾರಂ ತೆಗೆದುಕೊಂಡೆ. ಪೆನ್ನು ಹಿಡಿದೆ. ತಮ್ಮ ಕಲಿಸಿದ ಒಂದೇ ಓಟದ ಸಹಿಯನ್ನು ಕ್ಯಾಲೆಂಡರಿನ ಹಿಂದೆ, ಹಿಟ್ಟಿನ ಮೇಲೆ, ಒಲೆಯ ಬೂದಿಯ ಮೇಲೆ ಎಷ್ಟು ಸಲ ಬರೆದಿದ್ದೆನೋ. ಕಣ್ಣು ಮುಚ್ಚಿದರೂ ಬರುತ್ತಿತ್ತು. ಅದನ್ನು ಬರೆಯಲಿಲ್ಲ. ಪಾಟಿಯ ಮೇಲೆ ಬರೆದ ಹಾಗೆ ಅಕ್ಷರಗಳನ್ನು ಬಿಡಿಬಿಡಿಯಾಗಿ, ದುಂಡಗೆ, ನಿಧಾನವಾಗಿ ಇಟ್ಟೆ. ಅವನು ಹೊಸ್ತಿಲಲ್ಲಿ ಕೂತು ಬೀದಿಯ ಕಡೆ ನೋಡುತ್ತಿದ್ದ. ಫಾರಂ ಮಡಚಿಯೇ ಕೈಗೆ ಕೊಟ್ಟೆ. ಅವನು ಬಿಚ್ಚಿ ನೋಡಲಿಲ್ಲ. ನನ್ನ ಪಾದ ಮುಟ್ಟಿ ಹೋದ. ಹಾಗೆ ಮುಟ್ಟಿದ್ದು ಅದೇ ಮೊದಲು.

ಆಮೇಲೆ ದಿನಾ ಹನ್ನೊಂದು ಗಂಟೆಗೆ ಟಪಾಲಿನವನ ಸೈಕಲ್ಲಿನ ಗಂಟೆ ಕೇಳಿದರೆ ಕೈಯ ಕೆಲಸ ಬಿಟ್ಟು ಬಾಗಿಲಿಗೆ ಹೋಗುತ್ತಿದ್ದೆ. ಓಡಿಹೋಗಿ ತಮ್ಮನಿಗೆ ಹೇಳಿಬಿಡೋಣ, ಇನ್ನೊಂದು ಫಾರಂ ತರಿಸೋಣ ಎಂದು ಮೂರು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಮೂರನೆಯ ಸಲ ಶಕ್ತಿನಗರದ ಬಸ್ಸು ಹತ್ತಿ ಕೂತೂ ಇದ್ದೆ. ಕಂಡಕ್ಟರ್ ಬರುವ ಮುಂಚೆ ಇಳಿದೆ. ಬೆಲೆ ಇಳಿಯುತ್ತಿರುವುದನ್ನು ಗಂಡ ಹೇಳುತ್ತಿದ್ದರು. ಮೂವತ್ತು. ಇಪ್ಪತ್ತೊಂದು. ಹದಿನಾರು. ಬೋನಸ್ಸಿನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ತೀನ್ ಕಂದೀಲಿನ ಅಂಗಡಿಯಲ್ಲಿ ಫಾರಮ್ಮಿನ ಕಟ್ಟುಗಳು ಹಾಗೇ ಧೂಳು ತಿನ್ನುತ್ತ ಬಿದ್ದವು. ಬಜ್ಜಿಯ ಅಂಗಡಿಯವನು ಅವನ್ನು ಕಿಲೋ ಲೆಕ್ಕದಲ್ಲಿ ಒಯ್ದ. ಒಂದು ಸಂಜೆ ನನ್ನ ಮಗಳು ಬಜ್ಜಿ ಕಟ್ಟಿಸಿಕೊಂಡು ಬಂದ ಕಾಗದದಲ್ಲಿ ಸಹಿ ಮಾಡುವ ಚೌಕ ಖಾಲಿಯಿತ್ತು, ಎಣ್ಣೆ ಹೀರಿಕೊಂಡು ಅದರಾಚೆಗಿನ ಬೆರಳು ಕಾಣುತ್ತಿತ್ತು.

ಯುಗಾದಿಗೆ ಏಳು ದಿನವಿದ್ದಾಗ ಷೇರು ವಾಪಸು ಬಂತು. ಸಹಿ ಹೊಂದುವುದಿಲ್ಲ ಎಂದಿತ್ತು; ಇನ್ನೊಂದು ಫಾರಂ ಕಳಿಸಿ ಹಣ ಬರುವಷ್ಟು ದಿನ ಉಳಿದಿರಲಿಲ್ಲ. ತಮ್ಮ ಆ ಚೀಟಿ ಹಿಡಿದುಕೊಂಡು ಬಂದ. ಬೈಯುತ್ತಾನೆ, ಬೈಯಲಿ ಎಂದು ಕಾದೆ. ಅವನು ಹಳೆಯ ಕ್ಯಾಲೆಂಡರಿನ ಹಿಂದೆ ತಾನು ಬರೆಸಿದ್ದ ಸಹಿಯನ್ನೂ ಫಾರಮ್ಮಿನ ಸಹಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದ.

"ಅವಸರ ಮಾಡಿ ನಾನs ಕೆಡಿಸಿದೆ ಯಕ್ಕಾ" ಎಂದ. "ಮತ್ತೊಮ್ಮೆ ನಿನ್ನ ಕೈಲೆ ಬರಸಬೇಕಾಗಿತ್ತು. ನಿನಗೇನ್ ಗೊತ್ತು ಪಾಪ."

ನಾನು ಬಾಯಿ ತೆರೆದೆ. ಗಂಡ ಒಳಗಿನಿಂದ, "ಓದಿಲ್ಲದವ್ರ ಕೈಯಾಗ ಕಾಗದ ಕೊಟ್ರ ಹಿಂಗs ಆಗೂದು" ಎಂದರು. ಮುಚ್ಚಿಕೊಂಡೆ.

ಹಿಂಡು ಹೋದ ದಿನ ನಾನೂ ಗೂಗಲ್‌ಗೆ ಹೋಗಿದ್ದೆ. ದೇವದುರ್ಗದ ವ್ಯಾಪಾರಿ ಲಾರಿ ತಂದಿದ್ದ. ಕೆಟ್ಟ ಮನುಷ್ಯನಲ್ಲ, ತಮ್ಮನಿಗೆ ಬೀಡಿ ಕೊಟ್ಟ, ಮಾವನಿಗೆ ಕೈ ಮುಗಿದ. ಕುರಿಗಳನ್ನು ಹತ್ತಿಸುವ ಮೊದಲು ತಮ್ಮ ಅವನನ್ನು ತಡೆದ.

"ಸಾವಕಾರ್ರ, ಎಡಗಿವಿ ಸೀಳಿದ್ವು ನಮ್ಮಕ್ಕನ್ವು. ಅವನ್ನ ಮಾರೂ ಹಕ್ಕು ನನಗಿಲ್ಲ."

"ಮುಂಗಡದಾಗ ಅದೇನೂ ಹೇಳಿಲ್ಲಲ್ಲೋ?"

"ಹೇಳೂದೇನದ್ರಿ? ಕುರಿ ವ್ಯಾಪಾರ ಮಾಡವ್ರಿಗೆ ಗೊತ್ತಿಲ್ದಿದ್ದೇನು?"

ವ್ಯಾಪಾರಿ ತಕೋ ಎಂದು ಕೈ ಬೀಸಿದ. ತಮ್ಮ ಹಿಂಡಿನೊಳಗೆ ನುಗ್ಗಿ ಒಂದೊಂದರ ಕಿವಿ ಹಿಡಿದು ನೋಡಿ ಹನ್ನೊಂದು ಕುರಿ ಬೇರ್ಪಡಿಸಿದ. ಒಂದರ ಕಿವಿಯ ಗುರುತು ಸರಿಯಾಗಿ ಕಾಣುತ್ತಿರಲಿಲ್ಲ. ಇರಬಹುದು ಎಂದು ಅದನ್ನೂ ನನ್ನ ಕಡೆಗೇ ತಳ್ಳಿದ. ಮಾವ ಲಾರಿಗೆ ಬೆನ್ನು ತಿರುಗಿಸಿ ಹೊಳೆಯ ಕಡೆ ಮುಖ ಮಾಡಿ ನಿಂತಿದ್ದ. ಲಾರಿ ಹೊರಟಾಗ ಒಳಗಿದ್ದವು ಹೊರಗಿದ್ದವನ್ನು ಕರೆದವು, ಹೊರಗಿದ್ದವು ಓಗೊಟ್ಟವು. ಲಾರಿ ಗುಡ್ಡದ ಮರೆಗೆ ಹೋಗುವವರೆಗೂ ಆ ಕೂಗು ಕೇಳುತ್ತಿತ್ತು.

ಆಮೇಲೆ ಮಾವ ಬಹಳ ದಿನ ಬದುಕಲಿಲ್ಲ. ನನ್ನ ಷೇರಿನ ಕಂಪನಿ ನಾಲ್ಕು ವರ್ಷದಲ್ಲಿ ಬಾಗಿಲು ಹಾಕಿತು. ತಮ್ಮ ಶಕ್ತಿನಗರದಲ್ಲಿ ಕಲ್ಲಿದ್ದಲು ಇಳಿಸುವ ಕಡೆಗೆ ಹೋದ; ಅಲ್ಲಿ ದಿನಗೂಲಿ ಸ್ವಲ್ಪ ಹೆಚ್ಚು. ಅವನಿಗೆ ಕೆಮ್ಮು ಹತ್ತಿದ್ದು ಅಲ್ಲಿಯೇ. ಒಮ್ಮೆ ರೊಟ್ಟಿ ಕಟ್ಟಿಕೊಂಡು ಅವನ ಶೆಡ್ಡಿಗೆ ಹೋಗಿದ್ದೆ. ತಿಂದು ಕೈ ತೊಳೆದು, ಚಿಮಣಿಯ ಹೊಗೆ ಗಾಳಿಗೆ ನಮ್ಮೂರ ದಿಕ್ಕಿಗೆ ಬಾಗುತ್ತಿರುವುದನ್ನು ನೋಡುತ್ತ ಅವನು ಕೇಳಿದ:

"ಯಕ್ಕಾ, ಆ ನೋಟಿನ ಬ್ಯಾಂಕಿನವ್ರು ಇನ್ನೊಂದೆರಡು ತಿಂಗಳ ಸುಮ್ನಿದ್ದಿದ್ರ ನಮ್ಮ ಹಿಂಡು ಉಳೀತಿತ್ತಲ್ಲ?"

ಅವರು ಪತ್ರ ಬರೆದದ್ದು ತಡವಾಯಿತೋ ಬೇಗವಾಯಿತೋ ನನಗೆ ಇವತ್ತಿಗೂ ತಿಳಿಯದು. ಹುಲ್ಲು ಹಸಿರಾಗಿದ್ದಾಗ ತಡೆಯಬೇಕಾಗಿದ್ದವರು ಹೊಟ್ಟೆ ಉಬ್ಬಿದ ಮೇಲೆ ಬಂದರು ಎಂದು ಬೈಯುವವರು ಬೈಯಲಿ. ಆ ಪತ್ರ ಬಂದ ಮೇಲೂ, ತಮ್ಮ ಫಾರಂ ತಂದು ನನ್ನ ಹೊಸ್ತಿಲಲ್ಲಿ ಕೂತ ದಿನ, ನಮ್ಮ ಹಿಂಡಿಗೆ ಆರು ವಾರ ಉಳಿದಿತ್ತು. ಆ ಆರು ವಾರವನ್ನು ತೆಗೆದುಕೊಂಡವರು ಅವರಲ್ಲ. ಹೇಳುವುದಾದರೆ ಹೇಳಲು ಅದೇ ಹೊತ್ತು. ಇಬ್ಬರೇ ಇದ್ದೆವು. ಅವನ ಹೆಂಡತಿಯೂ ನೀರಿಗೆ ಹೋಗಿದ್ದಳು.

"ಹೂಂನಪ್ಪಾ, ಉಳೀತಿತ್ತು" ಎಂದೆ.